ಹುಣಸೆಮರದ ಪಾಯಿಂಟು

ನಮ್ಮೂರಿನಲ್ಲಿ ಒಂದು ಪಾಯಿಂಟು ಹುಟ್ಟಿದೆ. ಅದನ್ನು ಹುಟ್ಟಿಸಿದವನು ನಾನೇ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೇನೆ. ಮಾಲೂರಿನ ಬ್ಯಾಂಕಿನಲ್ಲಿ ಪಿಂಚಣಿಯ ಸರದಿಯಲ್ಲಿ ನಿಂತಾಗ ಹೇಳಿದೆ. ಕೋಲಾರದಲ್ಲಿ ಕಣ್ಣು ತೋರಿಸಲು ಹೋದಾಗ, ಹನಿ ಹಾಕಿ ಅರ್ಧ ಗಂಟೆ ಕಣ್ಣು ಮುಚ್ಚಿಕೊಂಡಿರಿ ಎಂದರಲ್ಲ, ಆಗಲೂ ಕಣ್ಣು ಮುಚ್ಚಿಕೊಂಡೇ ಪಕ್ಕದವರಿಗೆ ಹೇಳಿದೆ. ಕಣ್ಣು ತೆರೆದಾಗ ಪಕ್ಕದಲ್ಲಿ ಯಾರೂ ಇರಲಿಲ್ಲ. ನನ್ನ ಹೆಂಡತಿ ಜಯಾ ಮಾತ್ರ ಈ ಪಿತೃತ್ವವನ್ನು ಒಪ್ಪುವುದಿಲ್ಲ. “ನೀವು ಮಾಡಿದ್ದು ತಪ್ಪು ರೀ. ಆ ತಪ್ಪು ಒಳ್ಳೇ ಕಡೆ ಹೋಗಿ ಬಿತ್ತು, ಅಷ್ಟೆ” ಎನ್ನುತ್ತಾಳೆ. ಪೂರ್ತಿ ಕೇಳಿದ ಮೇಲೆ ನೀವೇ ತೀರ್ಪು ಕೊಡಿ.

ಮೊದಲು ನನ್ನ ವಿಷಯ ಒಂದೆರಡು ಮಾತು. ಹುಟ್ಟಿದ್ದು ಮುಳಬಾಗಿಲಿನಲ್ಲಿ, ಅರ್ಚಕರ ಮನೆಯಲ್ಲಿ. ಮಂತ್ರ ಸಂಸ್ಕೃತದಲ್ಲಿ, ಮಾತು ಕನ್ನಡದಲ್ಲಿ, ಜಗಳ ತೆಲುಗಿನಲ್ಲಿ ನಡೆಯುತ್ತಿದ್ದ ಮನೆ. ಅಪ್ಪನ ಗಂಟೆ ಅಣ್ಣನ ಪಾಲಿಗೆ ಹೋಯಿತು, ನನ್ನ ಪಾಲಿಗೆ ಸೀಮೆಸುಣ್ಣ ಬಂತು. ಟೇಕಲ್ ಕಡೆಯ ಈ ಸಣ್ಣ ಊರಿನ ಸರ್ಕಾರಿ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಗಣಿತ ಹೇಳಿಕೊಟ್ಟು, ಇಲ್ಲೇ ಒಂದು ಮನೆ ಕಟ್ಟಿಕೊಂಡು, ಇಲ್ಲೇ ನಿವೃತ್ತನಾಗಿ ಕೂತಿದ್ದೇನೆ.

ಪ್ರತಿ ವರ್ಷ ಎಂಟನೇ ತರಗತಿಯ ಮೊದಲ ರೇಖಾಗಣಿತದ ಪಾಠದಲ್ಲಿ ನಾನು ಬೋರ್ಡಿನ ಮೇಲೆ ಒಂದು ಚುಕ್ಕಿ ಇಟ್ಟು, ಕೈ ಕಟ್ಟಿಕೊಂಡು ನಿಂತು, ಸ್ವಲ್ಪ ಗಂಭೀರನಾಗಿ ಹೇಳುತ್ತಿದ್ದೆ: “ಇದು ಬಿಂದು. ಇದಕ್ಕೆ ಉದ್ದ ಇಲ್ಲ, ಅಗಲ ಇಲ್ಲ, ದಪ್ಪ ಇಲ್ಲ. ಸ್ಥಾನ ಮಾತ್ರ ಇದೆ.” ಸಾವಿರಾರು ವರ್ಷದ ಹಿಂದೆ ಯಾವನೋ ಗ್ರೀಕ್ ಪಂಡಿತ ಹೇಳಿದ್ದನ್ನು ನಾನೇ ಬೆಳಿಗ್ಗೆ ಕಂಡುಹಿಡಿದವನ ಹಾಗೆ ಹೇಳುತ್ತಿದ್ದೆ. ಮಕ್ಕಳು ಬರೆದುಕೊಳ್ಳುತ್ತಿದ್ದರು. ಒಂದು ವರ್ಷ ಮಾತ್ರ ಮೂರನೇ ಬೆಂಚಿನಿಂದ ಸುಗುಣ ಎಂಬ ಹುಡುಗಿ ಎದ್ದು ನಿಂತಳು. “ಸಾರ್, ಉದ್ದ ಅಗಲ ಏನೂ ಇಲ್ದಿದ್ರೆ ಅದು ಅಲ್ಲೈತೆ ಅಂತ ಹೆಂಗ್ ಸಾರ್ ಗೊತ್ತಾಗೋದು?”

ಉತ್ತರ ಇಲ್ಲದಾಗ ಮೇಷ್ಟ್ರುಗಳು ಏನು ಹೇಳುತ್ತಾರೋ ಅದನ್ನೇ ಹೇಳಿದೆ. “ಕೂತ್ಕೋ” ಎಂದೆ.

ಬಿಂದು ಎಂಬ ಮಾತು ನನ್ನ ಬೋರ್ಡು ಬಿಟ್ಟು ಹೊರಗೆ ಕಾಲಿಡಲೇ ಇಲ್ಲ. ಶಾಲೆಯ ಗೇಟು ದಾಟಿದರೆ ಎಲ್ಲವೂ ಪಾಯಿಂಟು. ಮನೆ ಕಟ್ಟುವಾಗ ವೈರಿಂಗ್ ಮಾಡುವವನು ಬಂದು ಕೇಳಿದ: “ಸಾರ್, ಒಂದು ರೂಮಿಗೆ ಎಷ್ಟು ಪಾಯಿಂಟ್ ಕೊಡ್ಲಿ?” ಒಂದು ಗೋಡೆಯಲ್ಲಿ ಅನಂತ ಬಿಂದುಗಳಿರುತ್ತವೆ ಎಂದು ನಾನು ವಿವರಿಸಲು ಹೊರಟೆ. ಅವನು ಸ್ವಲ್ಪ ಹೊತ್ತು ಕೇಳಿಸಿಕೊಂಡು ಜಯಾಳ ಕಡೆ ತಿರುಗಿದ. ಅವಳು “ಐದು” ಎಂದಳು. ಅಡುಗೆಮನೆಗೆ ಏಳು ಹಾಕಿಸಿಕೊಂಡಳು. ನನ್ನ ಓದುವ ಕೋಣೆಗೆ ಎರಡು ಬಂದವು, ಅದರಲ್ಲಿ ಒಂದು ಇಸ್ತ್ರಿಗೆ.

ಡೈರಿಯಲ್ಲಿ ಪಾಯಿಂಟು ಎಂದರೆ ಹಾಲಿನ ಕೊಬ್ಬು. “ಇವತ್ತು ಮೂರು ಪಾಯಿಂಟ್ ಎರಡೇ ಬಂತು” ಎಂದು ಕ್ಯಾನು ಹಿಡಿದು ವಾಪಸು ಬರುವವರ ಮುಖ, ಮಗ ಫೇಲಾದ ಅಪ್ಪನ ಮುಖದ ಹಾಗಿರುತ್ತದೆ. ಹಸುವಿನ ಕಡೆ ನೋಡುವ ನೋಟವೂ ಹಾಗೇ. ಇನ್ನು ಬೋರ್‌ವೆಲ್ಲಿನ ಪಾಯಿಂಟು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲದಲ್ಲಿ ನಡೆಯುವವನು ಬರುತ್ತಾನೆ. ಕಾಯಿ ಎದ್ದು ನಿಂತ ಕಡೆ ಕಲ್ಲಿಟ್ಟು “ಇಲ್ಲಿ ಪಾಯಿಂಟೈತೆ” ಎನ್ನುತ್ತಾನೆ. ನಾನು ವಿಜ್ಞಾನದ ಕಡೆಯವನು, ಇದನ್ನೆಲ್ಲ ನಂಬುವುದಿಲ್ಲ. ನಮ್ಮ ಮನೆಯ ಬೋರ್‌ವೆಲ್ಲಿಗೆ ಪಾಯಿಂಟು ಹಾಕಿದ್ದು ಅವನೇ, ನೀರೂ ಚೆನ್ನಾಗಿ ಬಂತು ಎನ್ನುವುದನ್ನು ಜಯಾ ಆಗಾಗ ನೆನಪಿಸುತ್ತಾಳೆ.

ಟೇಕಲ್ ಸ್ಟೇಷನ್ನಿನ ಹತ್ತಿರ ಹಳಿಯಿಂದ ಹಳಿಗೆ ರೈಲು ತಿರುಗುವ ಜಾಗಕ್ಕೂ ಪಾಯಿಂಟು ಎನ್ನುತ್ತಾರೆ. ಕೋಲಾರದ ಸರ್ಕಲ್ಲಿನಲ್ಲಿ ಪೊಲೀಸಿನವನು ಬಿಸಿಲಲ್ಲಿ ನಿಂತರೆ ಅವನು ಪಾಯಿಂಟ್ ಡ್ಯೂಟಿ. ಕಬಡ್ಡಿಯಲ್ಲಿ ಕಾಲು ಮುಟ್ಟಿದರೆ ಪಾಯಿಂಟು, ಪಂಚಾಯ್ತಿ ಕಟ್ಟೆಯಲ್ಲಿ ಎದುರಾಳಿಯ ಬಾಯಿ ಮುಚ್ಚಿಸಿದರೂ ಪಾಯಿಂಟು. ಅಂಗಡಿಗಳಂತೂ ಕೇಳಬೇಡಿ: ಚಿಕನ್ ಪಾಯಿಂಟ್, ಜ್ಯೂಸ್ ಪಾಯಿಂಟ್, ಮೊಬೈಲ್ ಪಾಯಿಂಟ್. ಮುಳಬಾಗಿಲಿಗೆ ಹೋದಾಗ ‘ದೋಸೆ ಪಾಯಿಂಟ್’ ಎಂಬ ಬೋರ್ಡು ನೋಡಿ ನನಗೆ ನಿಜಕ್ಕೂ ನೋವಾಯಿತು. ಉದ್ದ, ಅಗಲ, ದಪ್ಪ ಯಾವುದೂ ಇಲ್ಲದ ದೋಸೆಗೆ ನಮ್ಮೂರಿನವರು ಯಾವಾಗ ಒಪ್ಪಿದರು? ಒಳಗೆ ಹೋಗಿ ಎರಡು ತಿಂದು ಬಂದೆ. ದಪ್ಪವಾಗಿಯೇ ಇದ್ದವು, ಸಮಾಧಾನವಾಯಿತು.

ಶ್ರೀನಿವಾಸಪುರದಲ್ಲಿ ಮಾವಿನ ತೋಪು ಇಟ್ಟುಕೊಂಡಿರುವ ನನ್ನ ಭಾವಮೈದುನ ಒಬ್ಬನಿದ್ದಾನೆ. ಅವನ ಪ್ರತಿ ಮಾತೂ “ಮೇನ್ ಪಾಯಿಂಟ್ ಏನಪ್ಪಾ ಅಂದ್ರೆ ಭಾವಾ” ಎಂದೇ ಶುರುವಾಗುತ್ತದೆ. ಇಪ್ಪತ್ತೆರಡು ವರ್ಷದಿಂದ ಕೇಳುತ್ತಿದ್ದೇನೆ, ಆ ಮೇನ್ ಪಾಯಿಂಟು ಇನ್ನೂ ಬಂದಿಲ್ಲ. ಆದರೆ ಪ್ರತಿ ವರ್ಷ ಎರಡು ಕ್ರೇಟು ಹಣ್ಣು ತಪ್ಪದೆ ಬರುತ್ತದೆ, ಹಾಗಾಗಿ ನಾನೂ ತಾಳ್ಮೆಯಿಂದ ಕೇಳುತ್ತೇನೆ.

ನಮ್ಮಪ್ಪನಿಗೂ ಒಂದು ಬಿಂದು ಇತ್ತು ಎನ್ನುವುದು ನನಗೆ ಮರೆತೇ ಹೋಗಿತ್ತು. ಅವರು ತಾಮ್ರದ ತಗಡಿನ ಮೇಲಿನ ಶ್ರೀಚಕ್ರಕ್ಕೆ ದಿನಾ ಪೂಜೆ ಮಾಡುತ್ತಿದ್ದರು. ಅಷ್ಟೊಂದು ತ್ರಿಕೋನಗಳ ನಟ್ಟನಡುವೆ ಒಂದು ಚುಕ್ಕಿ. ಚಿಕ್ಕವನಿದ್ದಾಗ ಇದೇನು ಎಂದು ಕೇಳಿದ್ದಕ್ಕೆ “ಅಮ್ಮ ಕೂತಿರೋ ಜಾಗ ಕಣೋ” ಎಂದಿದ್ದರು. ಆಮೇಲೆ ನಾನು ಬಿ.ಎಸ್ಸಿ. ಓದಿದೆ. ಅಪ್ಪನ ಬಿಂದು ಬೇರೆ, ಪುಸ್ತಕದ ಬಿಂದು ಬೇರೆ ಎಂದು ತೀರ್ಮಾನ ಮಾಡಿಕೊಂಡು ಮೂವತ್ತೊಂದು ವರ್ಷ ಸಂಬಳ ತೆಗೆದುಕೊಂಡೆ.

ಈಗ ನಮ್ಮ ಕಡೆ ಈ ಎಲ್ಲ ಪಾಯಿಂಟುಗಳನ್ನೂ ಹಿಂದೆ ಹಾಕಿ ಒಂದು ಪಾಯಿಂಟು ಮೆರೆಯುತ್ತಿದೆ. ನರಸಾಪುರದಲ್ಲಿ ಕಾರ್ಖಾನೆಗಳಾದ ಮೇಲೆ ಕಂಪನಿ ಬಸ್ಸುಗಳು ಹಳ್ಳಿಹಳ್ಳಿಯ ರಸ್ತೆಗೂ ಬಂದವು. ಆ ಬಸ್ಸು ನಿಂತು ಜನರನ್ನು ಹತ್ತಿಸಿಕೊಳ್ಳುವ ಜಾಗಕ್ಕೆ ಪಾಯಿಂಟು ಎಂದು ಹೆಸರು. ಹಿಂದೆ ಹೊಸಬರು ಸಿಕ್ಕರೆ “ಯಾವೂರಾಯ್ತು?” ಎನ್ನುತ್ತಿದ್ದರು, ಈಗ “ನಿಮ್ದು ಯಾವ ಪಾಯಿಂಟು?” ಎನ್ನುತ್ತಾರೆ. ಪಾಯಿಂಟು ಇರುವ ಊರಿಗೆ ಒಂದು ಗತ್ತು. ಅಲ್ಲಿ ಬೇಕರಿ ಬರುತ್ತದೆ, ಆಟೋ ನಿಲ್ಲುತ್ತದೆ, ಗೋಡೆಗಳಿಗೆ ಬಣ್ಣ ಬರುತ್ತದೆ.

ನಮ್ಮೂರಿಗೆ ಪಾಯಿಂಟು ಇರಲಿಲ್ಲ. ಬಸ್ಸೇನೋ ನಮ್ಮೂರ ಮುಂದೆಯೇ, ಹುಣಸೆಮರದ ತಿರುವಿನಲ್ಲೇ ಹಾದುಹೋಗುತ್ತಿತ್ತು. ಆದರೆ ನಿಲ್ಲುತ್ತಿದ್ದುದು ಅಲ್ಲಿಂದ ಎರಡು ಕಿಲೋಮೀಟರ್ ಮುಂದೆ, ರೈಲ್ವೆ ಗೇಟಿನ ಪಾಯಿಂಟಿನಲ್ಲಿ. ಸುಗುಣ ಮತ್ತು ಇನ್ನು ಮೂರು ಜನ ಹೆಣ್ಣುಮಕ್ಕಳು ಬೆಳಗಿನ ಶಿಫ್ಟಿಗೆ ನಸುಕಿನಲ್ಲೇ ಎದ್ದು, ಡಬ್ಬಿ ಕಟ್ಟಿಕೊಂಡು, ಗೇಟಿನವರೆಗೆ ನಡೆಯುತ್ತಿದ್ದರು. ಮುಕ್ಕಾಲು ದಾರಿಯಲ್ಲಿ ಅವರದೇ ಬಸ್ಸು ಹಾರ್ನ್ ಹೊಡೆದುಕೊಂಡು ಅವರನ್ನು ದಾಟಿ ಹೋಗುತ್ತಿತ್ತು. ಆಗ ಓಡಬೇಕು. ಗೇಟಿನಲ್ಲಿ ಬಸ್ಸು ಮೂರು ನಿಮಿಷ ಮಾತ್ರ ಇರುತ್ತಿತ್ತು.

ಹೌದು, ಅದೇ ಸುಗುಣ. ಪಕ್ಕದ ಹಳ್ಳಿಯ ಹುಡುಗಿ, ಮದುವೆಯಾಗಿ ನಮ್ಮೂರಿಗೇ ಸೊಸೆಯಾಗಿ ಬಂದಿದ್ದಾಳೆ. ಅವಳ ಅತ್ತೆ ನಾರಾಯಣಮ್ಮ ಕೆಟ್ಟವಳಲ್ಲ, ಹೆದರಿದವಳು. ಕಾರ್ತಿಕದಲ್ಲಿ ಒಂದು ದಿನ ಯಾವನೋ ಬೈಕಿನವನು ಕತ್ತಲಲ್ಲಿ ಈ ನಾಲ್ವರ ಹಿಂದೆ ನಿಧಾನವಾಗಿ ಬಂದಿದ್ದ. ಓಡುವ ಭರದಲ್ಲಿ ಸುಗುಣ ಮೋರಿಯ ಹತ್ತಿರ ಬಿದ್ದು ಮೊಣಕಾಲು ಒಡೆದುಕೊಂಡಿದ್ದಳು. ಅವತ್ತು ಸಂಜೆ ನಾರಾಯಣಮ್ಮ ನಮ್ಮ ಜಗಲಿಗೆ ಬಂದು ಕೂತಳು.

“ಮೇಷ್ಟ್ರೇ, ನೀವೇ ಅವಳಿಗೆ ಬುದ್ಧಿ ಹೇಳಿ. ಸಂಕ್ರಾಂತಿಗಂಟ ನೋಡ್ತೀನಿ. ಬಸ್ಸು ಊರ ಮುಂದೆ ನಿಂತ್ರೆ ಹೋಗ್ಲಿ, ನಿಲ್ದಿದ್ರೆ ಮನೇಲಿರ್ಲಿ. ನಂಗೆ ದಿನಾ ಅವಳು ವಾಪಸ್ ಬರೋಗಂಟ ಅನ್ನ ಇಳಿಯಲ್ಲ.”

ಸುಗುಣ ಬಾಗಿಲ ಹತ್ತಿರವೇ ನಿಂತಿದ್ದಳು. ಅತ್ತೆ ಹೋದ ಮೇಲೆ ಕೊರಳಿನ ಐಡಿ ಕಾರ್ಡನ್ನು ಎತ್ತಿ ತೋರಿಸಿದಳು. “ಸಾರ್, ತೌರಲ್ಲಿ ನಾನು ಮುನಿಯಪ್ಪನ್ ಮಗಳು. ಇಲ್ಲಿ ನಾರಾಯಣಮ್ಮನ್ ಸೊಸೆ. ನನ್ ಹೆಸರಲ್ಲಿ ನನ್ನ ಕರೆಯೋದು ಅಲ್ಲೊಂದೇ ಕಡೆ ಸಾರ್. ಏನಾದ್ರೂ ಮಾಡಿ.” ಎಂದೋ ಒಮ್ಮೆ ಕೂತ್ಕೋ ಎಂದು ಕೂರಿಸಿದ್ದವಳು ಇವಳು. ಈಗ ಇನ್ನೊಂದು ಸಲ ಹಾಗೆ ಹೇಳಲು ಮನಸ್ಸು ಬರಲಿಲ್ಲ.

ನಿವೃತ್ತ ಮೇಷ್ಟ್ರ ಕೈಯಲ್ಲಿರುವ ಒಂದೇ ಆಯುಧ ಅರ್ಜಿ. ಕಂಪನಿಯ ಬಸ್ಸುಗಳನ್ನು ನೋಡಿಕೊಳ್ಳುವ ಅಧಿಕಾರಿಗೆ ಹನ್ನೆರಡು ಪಾಯಿಂಟುಗಳ ಅರ್ಜಿ ಬರೆದೆ. ಚಿತ್ರವನ್ನೂ ಹಾಕಿದೆ: ತಿರುವು ಒಂದು ಬಿಂದು, ಗೇಟು ಇನ್ನೊಂದು ಬಿಂದು, ಎರಡನ್ನೂ ಸೇರಿಸುವ ರೇಖೆಯ ಮೇಲೆ ಬಸ್ಸೂ ಚಲಿಸುತ್ತದೆ, ಹೆಣ್ಣುಮಕ್ಕಳೂ ಚಲಿಸುತ್ತಾರೆ. ಕೊನೆಯಲ್ಲಿ ಅಭ್ಯಾಸಬಲದಿಂದ ‘ಎಂದು ಸಾಧಿಸಲಾಗಿದೆ’ ಎಂದು ಬರೆದು ಸಹಿ ಹಾಕಿದೆ. ಉತ್ತರ ಬರಲಿಲ್ಲ. ಎರಡನೆಯದು ಬರೆದೆ, ಮೂರನೆಯದು ಬರೆದೆ. ಕೊನೆಗೆ ಫೋನಿನಲ್ಲಿ ಆ ಅಧಿಕಾರಿಯೇ ಸಿಕ್ಕ. ಮರ್ಯಾದಸ್ತ ಹುಡುಗ.

“ಸಾರ್, ಮೂರೂ ಓದಿದೀನಿ. ಹನ್ನೆರಡು ಪಾಯಿಂಟಲ್ಲಿ ಒಂದೂ ನಮ್ ರೂಲಿಗೆ ಬರಲ್ಲ ಸಾರ್. ಹತ್ತು ಜನ ಹತ್ತೋ ಕಡೆ ಪಾಯಿಂಟು. ನಿಮ್ಮೂರಲ್ಲಿ ನಾಲ್ಕೇ ಜನ. ಹತ್ತು ಜನ ತೋರ್ಸಿ, ಅವತ್ತೇ ಬರೀತೀನಿ.”

ಹತ್ತು ಜನ ಎಲ್ಲಿಂದ ತರುವುದು? ನಮ್ಮೂರಲ್ಲೂ ಪಕ್ಕದ ಎರಡು ಹಳ್ಳಿಗಳಲ್ಲೂ ಕೆಲಸಕ್ಕೆ ಹೋಗಲು ತಯಾರಿದ್ದ ಹೆಣ್ಣುಮಕ್ಕಳು ಬೇಕಾದಷ್ಟು ಇದ್ದರು. ಆದರೆ ಬಸ್ಸು ಊರ ಮುಂದೆ ನಿಲ್ಲುವವರೆಗೆ ಮನೆಯವರು ಕಳಿಸುವುದಿಲ್ಲ, ಅವರು ಬರುವವರೆಗೆ ಬಸ್ಸು ನಿಲ್ಲುವುದಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂದ ಹಾಗಾಯಿತು. ಸಂಕ್ರಾಂತಿಗೆ ಐದು ವಾರ ಉಳಿದಿತ್ತು.

ಆ ಬಸ್ಸಿನ ಡ್ರೈವರು ಗಂಗುಲಪ್ಪ ಎಂದು, ಮುಳಬಾಗಿಲಿನ ಆಚೆ ಆಂಧ್ರದ ಗಡಿ ಕಡೆಯವನು. ಒಂದು ದಿನ ಗೇಟಿನವರೆಗೂ ಹೋಗಿ ಅವನನ್ನೇ ಕೇಳಿಕೊಂಡೆ, ತೆಲುಗಿನಲ್ಲೇ ಕೇಳಿಕೊಂಡೆ. ಅವನಿಗೆ ಮನಸ್ಸಿತ್ತು. “ಏಮಿ ಚೇಸೇದಿ ಸಾರ್, ಏನ್ ಮಾಡ್ಲಿ? ಅಲ್ಲಿ ಪಾಯಿಂಟೇ ಇಲ್ವಲ್ಲ. ಒಂದು ಗುರುತಾದ್ರೂ ಇರಬೇಕಲ್ಲ, ಎಲ್ಲಿ ಅಂತ ನಿಲ್ಸಲಿ?” ಎಂದ.

ಗುರುತು ಎಂದಾಕ್ಷಣ ನನ್ನೊಳಗಿನ ಗಣಿತದ ಮೇಷ್ಟ್ರು ಎದ್ದು ಕೂತ. ಮನೆಯ ಹಿತ್ತಿಲಲ್ಲಿ ಕಾಂಪೌಂಡಿಗೆ ಬಳಿದು ಉಳಿದ ಸುಣ್ಣ ಇತ್ತು, ಮೆಟ್ಟಿಲ ಅಂಚಿಗೆ ಹಚ್ಚಿ ಉಳಿದ ಕೆಂಪು ಬಣ್ಣವೂ ಇತ್ತು. ಒಂದು ಗುರುವಾರ ಸಂಜೆ ಹುಣಸೆಮರದ ಬುಡದಲ್ಲಿದ್ದ ಮೊಣಕಾಲೆತ್ತರದ ಕಲ್ಲೊಂದನ್ನು ರಸ್ತೆಯ ಅಂಚಿಗೆ ಉರುಳಿಸಿ ನಿಲ್ಲಿಸಿದೆ. ಸೊಂಟ ಹಿಡಿಯಿತು, ಆದರೂ ಬಿಡಲಿಲ್ಲ. ಕಲ್ಲಿಗೆ ಪೂರ್ತಿ ಸುಣ್ಣ ಬಳಿದೆ. ಅಕ್ಷರ ಬರೆಯಲು ಕುಂಚ ದಪ್ಪವಾಗಿತ್ತು. ಅದಕ್ಕೆ ನನ್ನ ಶಾಸ್ತ್ರಕ್ಕೆ ತಕ್ಕಂತೆ ನಡುವೆ ಒಂದು ಕೆಂಪು ಬಿಂದು ಇಟ್ಟೆ. ಬೋರ್ಡಿನ ಮುಂದೆ ನಿಲ್ಲುತ್ತಿದ್ದ ಹಾಗೆ ಕೈ ಕಟ್ಟಿಕೊಂಡು ನಿಂತು ನೋಡಿದೆ. ದೂರದಿಂದಲೂ ಚೆನ್ನಾಗಿ ಕಾಣುತ್ತಿತ್ತು. ಸಂತೋಷವಾಗಿ ಮನೆಗೆ ಬಂದು ಬಿಸಿನೀರು ಕಾಯಿಸಿಕೊಂಡೆ.

ಬೆಳಗಾದರೆ ಶುಕ್ರವಾರ. ಹಾಲು ತರಲು ಹೋದಾಗ ನೋಡುತ್ತೇನೆ, ಕಲ್ಲಿನ ಮುಂದೆ ಎರಡು ಊದುಬತ್ತಿ, ತಲೆಯ ಮೇಲೆ ಒಂದು ಹಿಡಿ ಕನಕಾಂಬರ. ನನ್ನ ಬಿಂದುವಿನ ಮೇಲೆ ಯಾರೋ ನಿಜವಾದ ಕುಂಕುಮವನ್ನೇ ಹಚ್ಚಿದ್ದರು.

ಸುಣ್ಣ ಬಳಿದ ಕಲ್ಲಿಗೆ ಕೆಂಪು ಬೊಟ್ಟಿಟ್ಟರೆ ನಮ್ಮ ಸೀಮೆಯಲ್ಲಿ ಅದು ಏನಾಗುತ್ತದೆ ಎಂದು ಅರ್ಚಕರ ಮಗನಾದ ನನಗೆ ಹೊಳೆಯಲಿಲ್ಲ ಎಂದರೆ ಯಾರು ನಂಬುತ್ತಾರೆ? ಜಯಾ ನಂಬಲಿಲ್ಲ. ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡು, “ನಿಮ್ಮಪ್ಪ ಹೇಳ್ತಿರ್ಲಿಲ್ವೇನ್ರೀ, ಬಿಂದುವಲ್ಲೇ ಅಮ್ಮ ಕೂತಿರೋದು ಅಂತ? ಬಂದು ಕೂತ್ಲು ನೋಡಿ” ಎಂದಳು. ಮುಂದಿನ ಮಂಗಳವಾರದ ಹೊತ್ತಿಗೆ ಅಮ್ಮನಿಗೆ ಹೆಸರೂ ಆಗಿತ್ತು: ಪಾಯಿಂಟಮ್ಮ.

ಗಂಗುಲಪ್ಪ ದೈವಭಕ್ತ. ಬಸ್ಸಿನ ಗಾಜಿನ ಮುಂದೆ ಅವನು ಅಂಟಿಸಿಕೊಂಡಿದ್ದ ದೇವರುಗಳ ನಡುವೆ ರಸ್ತೆ ಕಾಣುವುದೇ ಕಷ್ಟ. ಅಂಥವನು ದಾರಿಯ ಅಮ್ಮನನ್ನು ಸುಮ್ಮನೆ ದಾಟಿ ಹೋಗುತ್ತಾನೆಯೇ? ತಿರುವಿನಲ್ಲಿ ಬಸ್ಸು ನಿಲ್ಲಿಸಿ, ಸ್ಟೇರಿಂಗ್ ಬಿಟ್ಟು, ಎರಡೂ ಕೈ ಜೋಡಿಸಿ, ಕಣ್ಣು ಮುಚ್ಚಿ, ಅರ್ಧ ನಿಮಿಷ. ಆ ಅರ್ಧ ನಿಮಿಷದಲ್ಲಿ ಸುಗುಣ ಬಾಗಿಲು ತಟ್ಟಿ ಹತ್ತಿಬಿಟ್ಟಳು. ಹಿಂದೆ ಮೂವರೂ ಹತ್ತಿದರು. ಗಂಗುಲಪ್ಪ ಕಣ್ಣು ತೆರೆದು ಕನ್ನಡಿಯಲ್ಲಿ ನೋಡಿ ಗೇರ್ ಹಾಕಿದ. ಅಮ್ಮನ ಮುಂದೆ ಹತ್ತಿದವರನ್ನು ಇಳಿಸುವ ಧೈರ್ಯ ಯಾರಿಗಿದೆ?

ಮಾರನೆಯ ದಿನವೂ ಹಾಗೇ ಆಯಿತು, ಅದರ ಮಾರನೆಯ ದಿನವೂ. ಬಸ್ಸು ಊರ ಮುಂದೆ ನಿಲ್ಲುತ್ತದೆ ಎನ್ನುವ ಸುದ್ದಿ ಪಕ್ಕದ ಹಳ್ಳಿಗಳಿಗೆ ಹೋಯಿತು. ಮನೆಯವರು ತಡೆದಿದ್ದ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಕೆಲಸಕ್ಕೆ ಸೇರತೊಡಗಿದರು. ಐದಾದರು, ಏಳಾದರು.

ನನಗೆ ಮಾತ್ರ ಒಳಗೊಳಗೇ ಕುಟುಕುತ್ತಿತ್ತು. ಇದು ಮೋಸವಲ್ಲವೇ? ಮಕ್ಕಳಿಗೆ ಪ್ರಮೇಯಗಳ ಸಾಧನೆ ಬರೆಯಿಸಿದವನು ಜನರ ನಂಬಿಕೆಯ ಮೇಲೆ ಬಸ್ಸು ನಿಲ್ಲಿಸುವುದೇ? ತಡೆಯಲಾರದೆ ಒಂದು ಸಂಜೆ ನಾರಾಯಣಮ್ಮನ ಮನೆಗೇ ಹೋಗಿ, ಆ ಕಲ್ಲನ್ನು ಉರುಳಿಸಿದ್ದು ನಾನು, ಆ ಬೊಟ್ಟು ಮೆಟ್ಟಿಲಿಗೆ ಹಚ್ಚಿ ಉಳಿದ ಬಣ್ಣ ಎಂದು ತಪ್ಪೊಪ್ಪಿಕೊಂಡೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು, ತಲೆ ಎತ್ತಲಿಲ್ಲ.

“ಊರಿಗೆಲ್ಲಾ ಗೊತ್ತಲ್ಲ ಮೇಷ್ಟ್ರೇ. ನೀವು ಸೊಂಟ ಹಿಡ್ಕಂಡು ಬಳೀತಿದ್ದಿದ್ದ ಎಲ್ರೂ ನೋಡವ್ರೆ. ಗಣೇಶನ್ನ ಮಣ್ಣಲ್ಲಿ ಮಾಡೋನು ಕುಂಬಾರನೇ ಅಲ್ವಾ? ಹಂಗಂತ ಕೈ ಮುಗಿಯಲ್ವಾ ನಾವು? ನೀವು ಬಳಿದ್ರಿ, ಬಳಿಸ್ದೋಳು ಅವಳು. ಕೂತ್ಕಳಿ, ಕಾಫಿ ಕುಡೀರಿ.”

ಕೂತೆ. ಈ ಸಲ ಕೂರುವ ಸರದಿ ನನ್ನದು. ಆದರೆ ಎದ್ದು ಬರುವಾಗ ಅವಳು ಸೇರಿಸಿದ ಮಾತು ಕಾಫಿಯಷ್ಟು ಬಿಸಿಯಾಗಿರಲಿಲ್ಲ. “ಈಗ ಡ್ರೈವರು ಕದ್ದು ನಿಲ್ಲಿಸ್ತಾವ್ನೆ. ನಾಳೆ ಅವನ್ನ ಬದಲಾಯಿಸಿದ್ರೆ? ಸಂಕ್ರಾಂತಿ ಅಂದಿದೀನಿ, ಸಂಕ್ರಾಂತೀನೇ.”

ಕಂಪನಿಯವರ ಮೊಬೈಲಿನಲ್ಲಿ ಬಸ್ಸು ಎಲ್ಲಿದೆ, ಎಲ್ಲಿ ನಿಂತಿದೆ ಎನ್ನುವುದೆಲ್ಲ ಕಾಣುತ್ತದಂತೆ. ದಿನಾ ಅದೇ ಜಾಗದಲ್ಲಿ, ಅದೇ ಹೊತ್ತಿಗೆ ಒಂದು ಕೆಂಪು ಚುಕ್ಕಿ ಬರುತ್ತಿರುವುದನ್ನು ಆ ಅಧಿಕಾರಿ ನೋಡಿಬಿಟ್ಟ. ಸಂಕ್ರಾಂತಿಗೆ ನಾಲ್ಕು ದಿನ ಇರುವಾಗ ಬಸ್ಸಿಗಿಂತ ಮುಂಚೆ ಅವನ ಕಾರು ತಿರುವಿಗೆ ಬಂತು. ಸುದ್ದಿ ತಿಳಿದು ನಾನು ಶಾಲು ಹೊದ್ದುಕೊಂಡು ಓಡಿದೆ. ಕಲ್ಲನ್ನು ಕಿತ್ತುಹಾಕಿಸುತ್ತಾನೆ, ಗಂಗುಲಪ್ಪನ ಕೆಲಸಕ್ಕೂ ಕುತ್ತು ಎಂದೇ ಲೆಕ್ಕ ಹಾಕಿದ್ದೆ. ಅವನು ಕಾರಿನಿಂದಿಳಿದು ಕಲ್ಲನ್ನು ನೋಡಿದ. ಸುತ್ತಲೂ ಒಮ್ಮೆ ಕಣ್ಣಾಡಿಸಿ ಬೂಟು ಬಿಚ್ಚಿ ಕೈ ಮುಗಿದ. ಆಮೇಲೆ ಬೂಟು ಹಾಕಿಕೊಂಡು ಅಧಿಕಾರಿಯಾದ.

“ಎಷ್ಟು ಜನ ಹತ್ತುತ್ತೀರಿ?” ಎಂದು ಎಣಿಸಿದ. ನಾನೂ ಮನಸ್ಸಿನಲ್ಲೇ ಎಣಿಸಿದೆ. ಒಂಬತ್ತು.

ಜೀವಮಾನವೆಲ್ಲ ಎಣಿಸಿದವನು ನಾನು, ಒಂಬತ್ತು ಎಂಬ ಸಂಖ್ಯೆಯನ್ನು ಅಷ್ಟು ದ್ವೇಷಿಸಿದ್ದು ಅವತ್ತೇ. ಎರಡನೇ ಸಲ ಎಣಿಸಿದೆ, ಮರದ ಆ ಕಡೆಯಿಂದಲೂ ಎಣಿಸಿದೆ. ಒಂಬತ್ತೇ. ಅಧಿಕಾರಿ ತುಟಿ ಕಚ್ಚಿಕೊಂಡು, “ಸಾರ್, ಒಬ್ರು ಕಮ್ಮಿ ಆಗ್ತಾರೆ. ನಾನು ರೂಲ್ ಬಿಟ್ಟು...” ಎಂದು ಶುರುಮಾಡಿದ. ಸುಗುಣ ಕೊರಳಿನ ಕಾರ್ಡನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನಿಂತಿದ್ದಳು. ಅಷ್ಟರಲ್ಲಿ ಊರ ಕಡೆಯಿಂದ “ನಿಲ್ಸಪ್ಪಾ, ನಿಲ್ಸು!” ಎಂದು ಕೂಗು ಬಂತು.

ನಾರಾಯಣಮ್ಮ. ಒಂದು ಕೈಯಲ್ಲಿ ಮಡಿಸಿದ ಕಾಗದ, ಇನ್ನೊಂದು ಕೈಯಲ್ಲಿ ಮಗಳು ರೂಪಳ ಮುಂಗೈ. ರೂಪ ಸುಗುಣಳ ನಾದಿನಿ, ಪಿಯುಸಿ ಮುಗಿಸಿ ಮನೆಯಲ್ಲಿದ್ದವಳು. ಅತ್ತಿಗೆಯ ಜೊತೆ ಹೋಗಿ ಕಂಪನಿಯಲ್ಲಿ ಪರೀಕ್ಷೆ ಬರೆದು ಪಾಸಾಗಿದ್ದಳು. ಬಂದ ಆರ್ಡರನ್ನು ಎರಡು ತಿಂಗಳಿಂದ ನಾರಾಯಣಮ್ಮ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟು ಬೀಗ ಹಾಕಿದ್ದಳು.

“ಇವಳ್ನೂ ಬರ್ಕಳಪ್ಪಾ. ಕಾಗ್ದ ನೋಡ್ಕೋ, ಸರಿಯಾಗೈತೆ. ಹತ್ತಾಯ್ತಾ?” ಎಂದಳು ಏದುಸಿರು ಬಿಡುತ್ತ. ಆಮೇಲೆ ಸೊಸೆಯ ಕಡೆ ತಿರುಗಿ, “ಏನೇ ಹಂಗ್ ನೋಡ್ತೀಯ? ಇವಳ್ ಡಬ್ಬೀನೂ ಸೇರಿಸಿ ಕಟ್ಟು ನಾಳೆಯಿಂದ” ಎಂದಳು.

ಹತ್ತಾಯಿತು! ಅಧಿಕಾರಿ ಅಲ್ಲೇ ಮೊಬೈಲಿನಲ್ಲಿ ಬರೆದುಕೊಂಡ. ಪಾಯಿಂಟಿಗೆ ಹೆಸರು ಏನು ಹಾಕಲಿ ಎಂದಾಗ ಹತ್ತೂ ಜನ ಒಂದೇ ಸಲ ಕೂಗಿದರು. ಕಂಪನಿಯ ಕಾಗದಪತ್ರದಲ್ಲಿ ಇವತ್ತಿಗೂ ‘ಪಾಯಿಂಟಮ್ಮ ಪಾಯಿಂಟ್’ ಎಂದೇ ಇದೆ. ಆ ಬೆಳಿಗ್ಗೆ ನಾನು ಮನೆಗೆ ನಡೆದು ಬರಲಿಲ್ಲ, ತೇಲಿ ಬಂದೆ. ಜಯಾ ರಂಗೋಲಿಗೆ ಚುಕ್ಕಿ ಇಡುತ್ತಿದ್ದಳು. ಅವಳು ನಲವತ್ತು ವರ್ಷದಿಂದ ದಿನಾ ಬೆಳಿಗ್ಗೆ ಬಿಂದುಗಳನ್ನು ಇಟ್ಟುಕೊಂಡೇ ಬಂದಿದ್ದಾಳೆ, ನಾನು ದಾಟಿಕೊಂಡು ಶಾಲೆಗೆ ಹೋಗುತ್ತಿದ್ದೆ ಎಂಬುದು ಅವತ್ತು ಗಮನಕ್ಕೆ ಬಂತು. ಆ ವರ್ಷ ಸಂಕ್ರಾಂತಿಯ ಎಳ್ಳು ನಮ್ಮ ಮನೆಗೆ ಹತ್ತು ಮನೆಗಳಿಂದ ಬಂತು.

ಕಥೆ ಇಲ್ಲಿಗೇ ಮುಗಿದಿದ್ದರೆ ಜಯಾ ಹೇಳುವುದೇ ಸರಿ ಎಂದು ನೀವು ತೀರ್ಪು ಕೊಡುತ್ತಿದ್ದಿರಿ. ಆದರೆ ಜ್ಯೇಷ್ಠದಲ್ಲಿ ಇನ್ನೊಂದು ನಡೆಯಿತು. ರಸ್ತೆಗೆ ಡಾಂಬರು ಹಾಕುವವರು ಬಂದರು. ಅಂಚು ಅಗಲ ಮಾಡಬೇಕು ಎಂದು ಕಲ್ಲನ್ನು ಭಕ್ತಿಯಿಂದಲೇ ಎತ್ತಿ, ಊರೊಳಗಿನ ಅಶ್ವತ್ಥಕಟ್ಟೆಯ ಮೇಲೆ ಇಟ್ಟು ಹೂವು ಮುಡಿಸಿ ಹೋದರು. ಅದೇ ವಾರ ಗಂಗುಲಪ್ಪ ರಜದ ಮೇಲೆ ಊರಿಗೆ ಹೋಗಿದ್ದ. ಬಸ್ಸಿಗೆ ಹೊಸ ಡ್ರೈವರು ಬರುತ್ತಾನೆ, ಅವನಿಗೆ ಈ ದಾರಿ ಹೊಸದು ಎಂದು ಸುದ್ದಿ ಬಂತು.

ನಾನು ಮಾರನೆಯ ಬೆಳಿಗ್ಗೆ ಐದೂವರೆಗೇ ತಿರುವಿನಲ್ಲಿದ್ದೆ. ಆಗಲೇ ಬೆಳಕು ಹರಿದಿತ್ತು. ಹುಣಸೆಮರದ ಕೆಳಗೆ ಹೊಸ ಡಾಂಬರು ಕಪ್ಪಗೆ, ಬೋಳಾಗಿ ಬಿದ್ದಿತ್ತು. ಸುಣ್ಣವಿಲ್ಲ, ಬೊಟ್ಟಿಲ್ಲ, ಅಲ್ಲೊಂದು ಪಾಯಿಂಟು ಇತ್ತು ಎನ್ನುವುದಕ್ಕೆ ಒಂದು ಗುರುತೂ ಇಲ್ಲ. ಡಬ್ಬಿಗಳನ್ನು ಹಿಡಿದುಕೊಂಡು ಹೆಣ್ಣುಮಕ್ಕಳು ಬಂದರು. ಈಗ ಅವರು ಹದಿನಾಲ್ಕು ಜನ.

“ಸುಗುಣಾ, ಕಲ್ಲೇ ಇಲ್ವಲ್ಲಮ್ಮ. ಅವನಿಗೆ ಹೇಗೆ ಗೊತ್ತಾಗ್ಬೇಕು? ನಾನು ಮನೆಗೆ ಹೋಗಿ ಸುಣ್ಣ ತರ್ಲಾ?” ಎಂದೆ.

ಅವಳು ನಕ್ಕಳು. “ಕಲ್ಲಿಲ್ದಿದ್ರೆ ಏನ್ ಸಾರ್, ನಾವಿದೀವಲ್ಲ” ಎಂದು ರಸ್ತೆಯ ಅಂಚಿಗೆ ಹೋಗಿ ನಿಂತಳು. ಅವಳ ಪಕ್ಕ ರೂಪ ನಿಂತಳು. ಹದಿನಾಲ್ಕೂ ಜನ ನಿಂತರು, ಯಾರೂ ಕೈ ಅಡ್ಡ ಹಾಕಲಿಲ್ಲ, ಕೂಗಲಿಲ್ಲ. ಬಸ್ಸು ತಿರುವಿಗೆ ಬಂತು, ನಿಧಾನ ಮಾಡಿತು, ಸರಿಯಾಗಿ ಆ ಜಾಗದಲ್ಲೇ ನಿಂತಿತು. ಬಾಗಿಲು ತೆರೆಯಿತು.

ಉದ್ದವಿಲ್ಲ, ಅಗಲವಿಲ್ಲ, ದಪ್ಪವಿಲ್ಲ. ಸ್ಥಾನ ಮಾತ್ರ ಇದೆ. ಮೂರನೇ ಬೆಂಚಿನ ಪ್ರಶ್ನೆಗೆ ಉತ್ತರ ಸಿಗಲು ಇಷ್ಟು ವರ್ಷ ಹಿಡಿಯಿತು, ಅದನ್ನೂ ಪ್ರಶ್ನೆ ಕೇಳಿದವಳೇ ಕೊಡಬೇಕಾಯಿತು. ಕಣ್ಣು ಒದ್ದೆಯಾಯಿತು ಎಂದು ಹೇಳಲು ನನಗೇನೂ ನಾಚಿಕೆ ಇಲ್ಲ.

ಮುಂದಿನ ವಾರ ಗಂಗುಲಪ್ಪ ರಜ ಮುಗಿಸಿ ಬಂದ. ಕಲ್ಲು ಊರೊಳಗೆ ಹೋಗಿರುವುದು ಅವನಿಗೂ ಗೊತ್ತಿತ್ತು. ಆದರೂ ಬೋಳು ಡಾಂಬರಿನ ಎದುರು ಬಸ್ಸು ನಿಲ್ಲಿಸಿ ಎಂದಿನ ಹಾಗೆ ಸ್ಟೇರಿಂಗ್ ಬಿಟ್ಟು ಎರಡೂ ಕೈ ಜೋಡಿಸಿದ. ಮೆಟ್ಟಿಲು ಹತ್ತುತ್ತಿದ್ದ ಸುಗುಣ ರೇಗಿಸಿದಳು: “ಅಣ್ಣಾ, ಅಮ್ಮ ಕಟ್ಟೆ ಮೇಲವ್ಳೆ. ಇಲ್ಲಿ ಯಾರಿಗೆ ಕೈ ಮುಗೀತೀಯ?”

ಗಂಗುಲಪ್ಪ ಕೈ ಇಳಿಸಲಿಲ್ಲ.

“ಇಂಕೆವರಿಕಮ್ಮಾ, ಇನ್ಯಾರಿಗೆ?” ಎಂದ. “ನಿಮಗೇ.”